ದಯವಿಟ್ಟು ಕಾರಣ ತಿಳಿಸಿ

ಹೊಸ ಕಂಪ್ಯೂಟರ್ ಕೊಂಡವನಿಗೆ ಅದರ ಮೇಲೆ ಇರುವ ಹಕ್ಕು ಒಂದೇ. 'ಆಮೇಲೆ ನೆನಪಿಸು' ಅನ್ನುವ ಬಟನ್ ಒತ್ತುವುದು. 'ಬೇಡ' ಅನ್ನುವ ಬಟನ್ ಹುಡುಕಿದರೂ ಸಿಗುವುದಿಲ್ಲ.

ಶಿರಸಿ ಹತ್ತಿರದ ನಮ್ಮ ಭಾವ ಮಳೆಗಾಲಕ್ಕೆ ಮೊದಲು ಒಂದು ಲ್ಯಾಪ್‌ಟಾಪ್ ತಗೊಂಡರು. ಪಹಣಿ ನೋಡಬೇಕು, ಅಡಿಕೆ ರೇಟು ನೋಡಬೇಕು, ರಾತ್ರಿ ಊಟ ಆದಮೇಲೆ ಯೂಟ್ಯೂಬಿನಲ್ಲಿ ಹಳೇ ತಾಳಮದ್ದಲೆ ಹಾಕಿಕೊಂಡು ತೂಕಡಿಸಬೇಕು. ಅಷ್ಟೇ ಅವರ ಆಸೆ. ಡಬ್ಬ ಬಿಚ್ಚಿ ಆನ್ ಮಾಡಿದರೆ ಒಳಗೆ ಆಗಲೇ ಜನ ಸೇರಿಬಿಟ್ಟಿದ್ದರು. ಮೂವತ್ತು ದಿನದ ಆಯಸ್ಸಿನ ಒಂದು ಆಂಟಿವೈರಸ್. ಅದರ ಪಕ್ಕ ಕಂಪನಿಯದೇ ಒಬ್ಬ 'ಸಹಾಯಕ'. ಆ ಸಹಾಯಕನನ್ನು ಅಪ್‌ಡೇಟ್ ಮಾಡಲು ಇನ್ನೊಬ್ಬ ಸಹಾಯಕ. ಫೋಟೋ ತೆರೆದ ಕೂಡಲೇ ಕಾರ್ಡ್ ನಂಬರ್ ಕೇಳುವ ಒಂದು ಫೋಟೋ ತಿದ್ದುವ ಪ್ರೋಗ್ರಾಂ. ಜೊತೆಗೆ ಬಣ್ಣಬಣ್ಣದ ಮಿಠಾಯಿ ಒಡೆಯುವ ಆಟ. ಭಾವನಿಗೆ ಸಕ್ಕರೆ ಕಾಯಿಲೆ ಇದೆ ಅಂತ ಕಂಪನಿಗೆ ಗೊತ್ತಿರಲಿಲ್ಲ ಅಂತ ಕಾಣುತ್ತದೆ.

ಎಲ್ಲಕ್ಕಿಂತ ಜೋರು ಆಂಟಿವೈರಸ್ಸಿನದು. ಕರ್ಣ ಇನ್ನೇನು ಕೃಷ್ಣನಿಗೆ ಉತ್ತರ ಕೊಡಬೇಕು, ಅಷ್ಟರಲ್ಲಿ ಮೂಲೆಯಿಂದ ಒಂದು ಕೆಂಪು ಚೌಕ ಎದ್ದು 'ನಿಮ್ಮ ಕಂಪ್ಯೂಟರ್ ಅಪಾಯದಲ್ಲಿದೆ' ಅನ್ನುತ್ತದೆ. ಅಪಾಯ ಏನಪ್ಪಾ ಅಂದರೆ ಅದರ ಚಂದಾ ಮುಗಿಯುತ್ತಾ ಬಂದಿದೆ. ನಿಜ ಹೇಳಬೇಕು ಅಂದರೆ ವಿಂಡೋಸ್ ಒಳಗೇ ಡಿಫೆಂಡರ್ ಅಂತ ಒಬ್ಬ ಕಾವಲುಗಾರ ಇದ್ದಾನೆ, ಸಂಬಳ ಬೇಡದವನು. ಬೇರೆಯವನು ಬಾಗಿಲಲ್ಲಿ ನಿಂತಿದ್ದರೆ ಇವನು ಹಿಂದೆ ಸರಿಯುತ್ತಾನೆ. ಅವನನ್ನು ಕಳಿಸಿದ ಕೂಡಲೇ ತಾನಾಗಿ ಕೆಲಸಕ್ಕೆ ಬರುತ್ತಾನೆ. ಆದರೆ ಇದನ್ನು ಹೇಳಲು ಯಾವ ಕೆಂಪು ಚೌಕವೂ ಏಳುವುದಿಲ್ಲ.

ಭಾವ ಫೋನ್ ಮಾಡಿದರು. "ಇದು ಎಂತ ಮಾಡಿದ್ರೂ ಹೋಗ್ತಿಲ್ಲೆ ಮಾರಾಯ!"

ಹೇಗೆ ಹೋಗುತ್ತದೆ? ಸೆಟ್ಟಿಂಗ್ಸ್‌ಗೆ ಹೋಗಿ, ಆಪ್ಸ್ ತೆರೆದು, ಅನ್‌ಇನ್‌ಸ್ಟಾಲ್ ಒತ್ತಿದರೆ ಅದು ಮೊದಲು 'ಖಂಡಿತವಾ?' ಅಂತ ಕೇಳುತ್ತದೆ. ಹೌದು ಅಂದರೆ 'ನಿಮ್ಮನ್ನು ಬಿಟ್ಟುಹೋಗಲು ಬೇಸರ' ಅನ್ನುತ್ತದೆ. ಆಮೇಲೆ ಎರಡು ಬಟನ್. 'ಇಟ್ಟುಕೊಳ್ಳಿ' ಅನ್ನುವುದು ಹಸಿರು ಬಣ್ಣದಲ್ಲಿ, ದಪ್ಪಗೆ, ನಡುಮಧ್ಯೆ. 'ತೆಗೆಯಿರಿ' ಅನ್ನುವುದು ಬೂದು ಬಣ್ಣದಲ್ಲಿ ಕೆಳಗೆಲ್ಲೋ ಅಡಗಿಕೊಂಡು. ಅದನ್ನೂ ಹುಡುಕಿ ಒತ್ತಿದರೆ 'ದಯವಿಟ್ಟು ಕಾರಣ ತಿಳಿಸಿ'. ಬೆಲೆ ಜಾಸ್ತಿಯೋ, ನಿಧಾನವೋ, ಬೇರೆ ಕಂಪನಿಯದು ಸಿಕ್ಕಿತೋ? 'ನಾನು ನಿನ್ನನ್ನು ಕರೆದೇ ಇರಲಿಲ್ಲ' ಅನ್ನುವ ಆಯ್ಕೆ ಮಾತ್ರ ಪಟ್ಟಿಯಲ್ಲಿ ಇಲ್ಲ.

ಇವನ್ನೆಲ್ಲ ಪುಕ್ಕಟೆ ತುಂಬಿಕೊಡುವಷ್ಟು ಧಾರಾಳ ಕಂಪ್ಯೂಟರ್ ಕಂಪನಿಗೆ ಎಲ್ಲಿಂದ ಬಂತು? ಲ್ಯಾಪ್‌ಟಾಪ್ ಮಾರಿದರೆ ಉಳಿಯುವುದು ಕಡಿಮೆ. ಆದ್ದರಿಂದ ಅದರೊಳಗಿನ ಜಾಗವನ್ನೂ ಮಾರುತ್ತಾರೆ. ಸಾಫ್ಟ್‌ವೇರ್‌ನವರು ದುಡ್ಡು ಕೊಟ್ಟು ಒಳಗೆ ಕೂರುತ್ತಾರೆ. ಭಾವ ದುಡ್ಡು ಕೊಟ್ಟು ಹೊರಗೆ ಕೂರುತ್ತಾರೆ.

ತೆಗೆಯುವುದೂ ವ್ಯಾಪಾರವೇ. 2008ರಲ್ಲಿ ಸೋನಿಯವರು ತಮ್ಮ ಕೆಲವು ವಯೋ ಲ್ಯಾಪ್‌ಟಾಪ್‌ಗಳಿಗೆ 'ಫ್ರೆಶ್ ಸ್ಟಾರ್ಟ್' ಅಂತ ಒಂದು ಸೌಲಭ್ಯ ಇಟ್ಟರು. ಸುಮಾರು 50 ಡಾಲರ್ ಹೆಚ್ಚಿಗೆ ಕೊಟ್ಟರೆ ತಾವೇ ತುಂಬಿದ ಕಸವನ್ನು ತಾವೇ ತುಂಬದೆ ಕೊಡುತ್ತೇವೆ ಅಂತ. ಒಳ್ಳೇ ಚಾಲಿ ಅಡಿಕೆಗೆ ಕಳಪೆ ಕೋಕಾ ಅಡಿಕೆ ಬೆರೆಸಿ ಟೆಂಡರಿಗೆ ಇಟ್ಟು, ಆರಿಸಿಕೊಡುವುದಕ್ಕೆ ಖರೀದಿದಾರನ ಹತ್ತಿರವೇ ಕೂಲಿ ಕೇಳಿದ ಹಾಗೆ. ಶಿರಸಿ ಮಾರ್ಕೆಟ್ಟಿನಲ್ಲಿ ಯಾರಾದರೂ ಹೀಗೆ ಕೇಳಿದ್ದರೆ ಏನಾಗುತ್ತಿತ್ತು ಅಂತ ಬರೆಯುವುದು ಬೇಡ. ಅಲ್ಲಿಯೂ ಜನ ಬೈದರು. ಸೋನಿ ತಕ್ಷಣ ಆ ಶುಲ್ಕ ಕೈಬಿಟ್ಟಿತು. 2012ರಲ್ಲಿ ಅಮೆರಿಕದ ತನ್ನ ಅಂಗಡಿಗಳಲ್ಲಿ ಮೈಕ್ರೋಸಾಫ್ಟ್ 99 ಡಾಲರ್ ತೆಗೆದುಕೊಂಡು ಬೇರೆ ಕಂಪನಿಗಳ ಕಂಪ್ಯೂಟರನ್ನು ಚೊಕ್ಕ ಮಾಡಿಕೊಡುತ್ತಿತ್ತು. ನಾಲ್ಕು ವರ್ಷದಲ್ಲಿ ಕಸದ ರೇಟು ಡಬಲ್. ಅಡಿಕೆಗೆ ಇಂಥ ಏರಿಕೆ ಸಿಕ್ಕಿದ್ದರೆ ಭಾವ ಕಾರು ತಗೊಳ್ಳುತ್ತಿದ್ದರು.

ನಮ್ಮ ಪೇಟೆಯ ರಿಪೇರಿಯವನೇ ವಾಸಿ ಅಂದುಕೊಂಡು ಭಾವ ಲ್ಯಾಪ್‌ಟಾಪ್ ಹೊತ್ತುಕೊಂಡು ಪೇಟೆಗೆ ಹೋದರು. ಸಂಜೆ ಹೊತ್ತಿಗೆ ಕ್ಲೀನ್ ಆಗಿ ಬಂತು. ಹಳೇ ಆಂಟಿವೈರಸ್ ಹೋಗಿತ್ತು, ಅಂಗಡಿಯವನು ಮಾರುವ ಆಂಟಿವೈರಸ್ ಬಂದಿತ್ತು. ಪರದೆಯ ಮೇಲೆ ಗಣಪತಿ ಚಿತ್ರ, ಗಣಪತಿಯ ಕಾಲ ಕೆಳಗೆ ಅಂಗಡಿಯ ಫೋನ್ ನಂಬರ್. ವಾಲ್‌ಪೇಪರ್ ಬದಲಿಸಿದರೆ ದೇವರಿಗೆ ಸಿಟ್ಟು ಬರಬಹುದು ಅಂತ ಅತ್ತಿಗೆ ಒಪ್ಪಲಿಲ್ಲ. ಕಂಪನಿಗಳಿಗೂ ಹೊಳೆಯದ ಉಪಾಯ ಇದು.

ಹಾಗಂತ ಎಲ್ಲ ಕಸವೂ ಸುಮ್ನೆ ಕೂತಿರುತ್ತದೆ ಅಂತಲ್ಲ. ಲೆನೊವೊ ತನ್ನ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಸೂಪರ್‌ಫಿಶ್ ಅನ್ನುವುದನ್ನು ಹಾಕಿ ಕಳಿಸಿತ್ತು. ಜಾಹೀರಾತು ತೋರಿಸುವ ಆಸೆಗೆ ಅದು ಬ್ಯಾಂಕಿನ ಸೈಟಿಗೂ ನಮಗೂ ನಡುವೆ ಹೋಗಿ ಕೂತು, ಬೀಗದ ಗುರುತು ಇರುವ ಸಂಪರ್ಕವನ್ನೂ ಬಿಚ್ಚಿ ನೋಡುತ್ತಿತ್ತು. ಎಲ್ಲ ಯಂತ್ರಕ್ಕೂ ಒಂದೇ ಕೀಲಿ ಬೇರೆ, ಅದು ಕಳ್ಳನ ಕೈಗೆ ಸಿಕ್ಕರೆ ಎಲ್ಲರ ಬೀಗವೂ ತೆರೆದ ಹಾಗೆ. 2015ರಲ್ಲಿ ಬಯಲಾಯಿತು. ಅದೇ ವರ್ಷ ಅದೇ ಕಂಪನಿಯ ಇನ್ನೊಂದು ಕರಾಮತ್ತು ಹೊರಬಿತ್ತು. ಡಿಸ್ಕ್ ಪೂರ್ತಿ ಅಳಿಸಿ ಹೊಸದಾಗಿ ವಿಂಡೋಸ್ ಹಾಕಿದರೂ ಕಂಪನಿಯ ಪ್ರೋಗ್ರಾಂ ಮತ್ತೆ ಹಾಜರ್. ಅದು ಡಿಸ್ಕಿನಲ್ಲಿ ಇರಲೇ ಇಲ್ಲ, ಮದರ್‌ಬೋರ್ಡಿನ, ಅಂದರೆ ಕಂಪ್ಯೂಟರಿನ ಒಳಗಿನ ಮುಖ್ಯ ಹಲಗೆಯ, ಚಿಪ್ಪಿನಲ್ಲಿತ್ತು. ಚಿಪ್ಪಿನಲ್ಲಿ ಇಟ್ಟದ್ದನ್ನು ತೆಗೆದು ಓಡಿಸುವ ಸೌಕರ್ಯವನ್ನು ವಿಂಡೋಸ್ 8ರಿಂದ ಮೈಕ್ರೋಸಾಫ್ಟೇ ಮಾಡಿಕೊಟ್ಟಿತ್ತು, ಕಳ್ಳತನವಾದ ಲ್ಯಾಪ್‌ಟಾಪ್ ಹುಡುಕುವಂಥ ಒಳ್ಳೇ ಕೆಲಸಕ್ಕೆ ಅಂತ. ಕಳ್ಳರಿಗಿಂತ ಮೊದಲು ತಯಾರಕರೇ ಒಳಗೆ ನುಗ್ಗಿದರು.

ಕೊನೆಗೆ ನಾನೇ ಪೆನ್‌ಡ್ರೈವ್ ಹಿಡಿದುಕೊಂಡು ಭಾವನ ಮನೆಗೆ ಹೋದೆ. ಮೈಕ್ರೋಸಾಫ್ಟ್ ಸೈಟಿನಿಂದ ಇಳಿಸಿಕೊಂಡ ಬರೀ ವಿಂಡೋಸ್ ಅದರಲ್ಲಿತ್ತು. ಲೈಸೆನ್ಸ್ ಕೀಲಿ ಮದರ್‌ಬೋರ್ಡಿನಲ್ಲೇ ಇರುವುದರಿಂದ ಮತ್ತೆ ದುಡ್ಡು ಕೊಡಬೇಕಿಲ್ಲ. 'ರೀಸೆಟ್' ಒತ್ತಿದ್ದರೆ ಸಾಲದಾಗಿತ್ತಾ ಅಂತ ಕೇಳಬೇಡಿ. ಎಷ್ಟೋ ಸಲ ಅದು ಕಂಪನಿಯ ಕಸವನ್ನೂ ಜೋಪಾನವಾಗಿ ವಾಪಸ್ ತಂದಿಡುತ್ತದೆ.

ಅತ್ತಿಗೆ ಗಣಪತಿಯನ್ನು ಬೇರೆ ಕಡೆ ಉಳಿಸಿಕೊಂಡ ಮೇಲೆಯೇ ಡಿಸ್ಕ್ ಅಳಿಸಲು ಅಪ್ಪಣೆ ಕೊಟ್ಟರು.

"ಎಡ್ಜ್ ಅಂತ ಒಂದಿತ್ತಲ, ಅದೂ ಹೋಗ್ತಾ?" ಭಾವ ಕೇಳಿದರು.

ಅದು ವಿಂಡೋಸ್ ಜೊತೆಗೇ ಬರುವ ಬ್ರೌಸರ್. ಯುರೋಪಿನವರು ಕಾನೂನು ಮಾಡಿದ್ದರಿಂದ 2024ರಿಂದ ಅಲ್ಲಿ ಅದನ್ನು ತೆಗೆಯಬಹುದು. ನಮಗೆ ಆ ಭಾಗ್ಯ ಕೊಟ್ಟಿಲ್ಲ. ನಾವು ಯಾವ ದೇಶದವರು ಅಂತ ವಿಂಡೋಸ್ ತೀರ್ಮಾನ ಮಾಡುವುದು, ಶುರುವಿನಲ್ಲಿ ನಾವು ಆರಿಸುವ ದೇಶದ ಹೆಸರಿನ ಮೇಲೆ. ಇಷ್ಟು ವಿವರಿಸುವ ಹೊತ್ತಿಗೆ ಸರಿಯಾಗಿ ಪರದೆಯ ಮೇಲೆ ದೇಶಗಳ ಪಟ್ಟಿ ಬಂತು. ಭಾವ ಕನ್ನಡಕ ಏರಿಸಿ ಇಂಡಿಯಾದಿಂದ ಸ್ವಲ್ಪ ಕೆಳಗೆ ಬೆರಳಿಟ್ಟರು.

"ಐರ್ಲೆಂಡ್ ಯುರೋಪಲ್ಲೇ ಇದ್ದಲ?"

"ಹೌದು ಭಾವ."

"ಅಲ್ಲಿ ಮಳೆ ಹ್ಯಾಂಗೆ?"

"ಜಾಸ್ತಿನೇ."

"ಹಂಗಾರೆ ಅದನ್ನೇ ಹಾಕು."