ಸುಮ್ನೆ ಕೂರೋಕೆ ಬಿಸಿಲೂರಿಗೆ ಬರಬೇಡಿ

ಮೊನ್ನೆ ಹಳೇ ಆಫೀಸಿನ ಸಹೋದ್ಯೋಗಿಯೊಬ್ಬರು ಫೋನ್ ಮಾಡಿದ್ದರು. ಮುಂದಿನ ತಿಂಗಳು ಅವರ ನಿವೃತ್ತಿ. "ಮೇಡಂ, ನಿಮ್ಮ ಹಾಗೆ ನಾನೂ ಬೆಚ್ಚಗಿರೋ ಕಡೆ ಬಂದುಬಿಡ್ತೀನಿ. ಚಳಿಗೆ ಮಂಡಿ ಹಿಡ್ಕೊಳ್ಳುತ್ತೆ. ಮೂವತ್ತು ವರ್ಷ ಜನರ ಮಧ್ಯೆ ಇದ್ದು ಸಾಕಾಗಿದೆ. ಇನ್ನು ಯಾರ ಸಹವಾಸವೂ ಬೇಡ. ಒಂದು ಕುರ್ಚಿ ಹಾಕ್ಕೊಂಡು ಸುಮ್ನೆ ಕೂತುಬಿಡ್ತೀನಿ" ಅಂದರು.

ಫೋನಿನಲ್ಲಿ "ಬನ್ನಿ, ಬನ್ನಿ" ಅಂದೆ. ಆದರೆ ಫೋನ್ ಇಟ್ಟ ಮೇಲೆ ಮನಸ್ಸಿಗೆ ಸಮಾಧಾನ ಆಗಲಿಲ್ಲ. ಐದು ವರ್ಷದ ಹಿಂದೆ ನಾನೂ ಇದೇ ಮಾತು ಆಡಿದ್ದೆ. ಕುರ್ಚಿಯನ್ನೂ ಕೊಂಡಿದ್ದೆ, ಬೆತ್ತದ್ದು. ಅವರಿಗೆ ಆಗ ಹೇಳಲಾಗದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಅವರೂ ಓದಲಿ, ಅವರಂತೆ ಯೋಚಿಸುವವರೂ ಓದಲಿ.

ನಾನು ಒಬ್ಬಳೇ ಇರುವವಳು. ಇಲ್ಲಿಗೆ ಬಂದ ಮೊದಲ ಮೂರು ತಿಂಗಳು ನಿಜಕ್ಕೂ ಹಾಯಾಗಿತ್ತು. ಅಲಾರಂ ಇಲ್ಲ, ಬಸ್ಸಿಗೆ ಓಡುವುದಿಲ್ಲ. ಬೆಳಗಿನ ಬಿಸಿಲು ಮೈಗೆ ಹಿತ. ಸ್ವೆಟರ್‌ಗಳನ್ನೆಲ್ಲ ಕಟ್ಟಿ ಮೇಲಿಟ್ಟೆ. ನಾಲ್ಕನೇ ತಿಂಗಳಿನ ಹೊತ್ತಿಗೆ ಒಂದು ಸಂಜೆ ಅಂಗಡಿಗೆ ಹೋದೆ. ಏನೋ ಕೇಳಬೇಕೆಂದು ಬಾಯಿ ತೆರೆದರೆ ದನಿಯೇ ಸರಿಯಾಗಿ ಹೊರಡಲಿಲ್ಲ. ಗಂಟಲು ಕೆರೆದುಕೊಂಡು ಮತ್ತೆ ಕೇಳಿದೆ. ದಾರಿಯಲ್ಲಿ ವಾಪಸ್ ಬರುವಾಗ ಗೊತ್ತಾಯಿತು. ಹಿಂದಿನ ರಾತ್ರಿಯಿಂದ ನಾನು ಯಾರ ಜೊತೆಯೂ ಒಂದು ಮಾತು ಆಡಿರಲಿಲ್ಲ. ಅವತ್ತು ನನಗೆ ನಿಜವಾಗಿ ಹೆದರಿಕೆಯಾಯಿತು.

ಆಫೀಸಿನ ಗೆಳತಿಯರು ಕೆಟ್ಟವರಲ್ಲ. ಮೊದಮೊದಲು ಫೋನ್ ಮಾಡುತ್ತಿದ್ದರು. ಆಮೇಲೆ ಹಬ್ಬಕ್ಕೊಂದು ಮೆಸೇಜು. ಇಪ್ಪತ್ತು ವರ್ಷ ಪಕ್ಕದ ಟೇಬಲ್ಲಿನಲ್ಲಿ ಕೂತವರು ಇಷ್ಟು ಬೇಗ ದೂರವಾದರಲ್ಲ ಎಂದು ನೊಂದುಕೊಂಡಿದ್ದೆ. ಅದಕ್ಕೆ ಕಾರಣ ಸಿಕ್ಕಿದ್ದು ಎಷ್ಟೋ ದಿನದ ಮೇಲೆ, ಒಂದು ಅಧ್ಯಯನದ ಬಗ್ಗೆ ಓದಿದಾಗ. ಅಮೆರಿಕದ ಕ್ಯಾನ್ಸಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ ಎಂಬುವವರು 2018ರಲ್ಲಿ ಪ್ರಕಟಿಸಿದ್ದು. ಬರೀ ಪರಿಚಯ ಇದ್ದವರು ಸುಮಾರಾಗಿ ಗೆಳೆಯರು ಎನ್ನುವಷ್ಟು ಹತ್ತಿರವಾಗಲು 50 ಗಂಟೆ ಜೊತೆಗೆ ಕಳೆಯಬೇಕಂತೆ. ಆಪ್ತ ಸ್ನೇಹಿತರಾಗಲು 200 ಗಂಟೆಗಿಂತ ಜಾಸ್ತಿ. ನನ್ನನ್ನು ತಡೆದು ನಿಲ್ಲಿಸಿದ್ದು ಇನ್ನೊಂದು ಮಾತು: ಒಟ್ಟಿಗೆ ಕೆಲಸ ಮಾಡಿದ ಗಂಟೆಗಳು ಅಷ್ಟಾಗಿ ಲೆಕ್ಕಕ್ಕೆ ಬರುವುದಿಲ್ಲ. ಒಟ್ಟಿಗೆ ಹರಟಿದ, ಆಡಿದ, ಸುಮ್ನೆ ಕೂತ ಗಂಟೆಗಳೇ ಬೇಕು.

ಆ ಲೆಕ್ಕದಲ್ಲಿ ನೋಡಿದರೆ ಇಪ್ಪತ್ತು ವರ್ಷದ ಪಕ್ಕದ ಟೇಬಲ್ಲಿನವರ ಜೊತೆ ನಾನು ಕಳೆದದ್ದು ಬಹಳ ಕಡಿಮೆ. ಕೆಲಸದಲ್ಲಿದ್ದಾಗ ನಮ್ಮಲ್ಲಿ ಗಂಟೆಗಳೇ ಇರಲಿಲ್ಲ. ಈಗ ನಮ್ಮ ಹತ್ತಿರ ಇರುವುದೇ ಅದು. ದಿನಕ್ಕೆ ಒಂದು ಗಂಟೆಯಂತೆ ವಾರಕ್ಕೆ ಐದು ದಿನ ಒಂದೇ ಗುಂಪಿನ ಜೊತೆ ಕಳೆದರೆ 40 ವಾರಕ್ಕೆ 200 ಗಂಟೆ. ವರ್ಷವೂ ಬೇಡ. ಅರವತ್ತು ದಾಟಿದ ಮೇಲೆ ಹೊಸ ಸ್ನೇಹ ಹುಟ್ಟುವುದಿಲ್ಲ ಎನ್ನುವ ಮಾತನ್ನು ನಾನು ಈಗ ಒಪ್ಪುವುದೇ ಇಲ್ಲ.

ಬೆಚ್ಚಗಿನ ಜಾಗದ ದೊಡ್ಡ ಉಪಕಾರ ಇರುವುದು ಇಲ್ಲೇ. ಚಳಿ ದೇಶದಲ್ಲಿ ವರ್ಷದ ಅರ್ಧ ಬಾಗಿಲು ಮುಚ್ಚಿಕೊಂಡಿರಬೇಕು. ಹಿಮ ಬಿದ್ದರೆ ಜಾರುವ ಭಯ. ಬೆಚ್ಚಗಿರುವ ಕಡೆ ಜನ ಹೊರಗಿರುತ್ತಾರೆ. ಯಾರನ್ನಾದರೂ ಭೇಟಿ ಮಾಡಲು ಅವರ ಮನೆಗೇ ಹೋಗಬೇಕಿಲ್ಲ, ಕರೆಯಬೇಕಿಲ್ಲ, ಮನೆ ಒಪ್ಪ ಮಾಡಿ ಕಾಯಬೇಕಿಲ್ಲ. ಒಂದು ಮರದ ನೆರಳು, ಎರಡು ಬೆಂಚು ಸಾಕು.

ನನ್ನದು ಶುರುವಾಗಿದ್ದೂ ಒಂದು ಬೆಂಚಿನಿಂದಲೇ. ಅಂಗಡಿಯಲ್ಲಿ ದನಿ ಸಿಕ್ಕಿಕೊಂಡ ಮರುದಿನ ಬೆಳಿಗ್ಗೆ ಆರಕ್ಕೆ ಹತ್ತಿರದ ಮೈದಾನಕ್ಕೆ ಹೋದೆ. ಏಳೆಂಟು ಜನ ಷಟಲ್ ಆಡುತ್ತಿದ್ದರು, ಹೆಚ್ಚಿನವರು ನನ್ನ ವಯಸ್ಸಿನವರೇ. ಬೆಂಚಿನ ಮೇಲೆ ಕೂತು ನೋಡಿ ಎದ್ದು ಬಂದೆ. ಮಾರನೇ ದಿನವೂ ಅಷ್ಟೇ. ಒಂಬತ್ತೋ ಹತ್ತೋ ದಿನ ಹಾಗೇ ಆಯಿತು. ಕೊನೆಗೆ ಒಬ್ಬ ಹೆಂಗಸು ಬೆವರು ಒರೆಸಿಕೊಳ್ಳುತ್ತಾ ಬಂದು, "ದಿನಾ ಬರ್ತೀರಲ್ಲ, ಒಬ್ರು ಕಡಿಮೆ ಇದ್ದಾರೆ, ಬನ್ನಿ" ಅಂದರು. ನನಗೆ ಆಡಲು ಬರುವುದಿಲ್ಲ ಅಂದೆ. "ನಮಗೂ ಬರಲ್ಲ" ಅಂದರು. ಇವತ್ತು ಈ ಲೋಕದಲ್ಲಿ ನನಗೆ ಅತಿ ಹತ್ತಿರದವರು ಅವರು.

ದಿನಾ ಒಂದೇ ಹೊತ್ತಿಗೆ, ಒಂದೇ ಜಾಗಕ್ಕೆ ಹೋಗುವುದು. ಇದಕ್ಕಿಂತ ದೊಡ್ಡ ಉಪಾಯ ನನಗೆ ಗೊತ್ತಿಲ್ಲ. ಮಾತು ಚೆನ್ನಾಗಿ ಬರಬೇಕಿಲ್ಲ. ಸಂಕೋಚದ ಸ್ವಭಾವದವರಿಗಂತೂ ಇದೇ ಸುಲಭ, ಏಕೆಂದರೆ ಮೊದಲ ಮಾತನ್ನು ನೀವೇ ಆಡಬೇಕಾಗುವುದಿಲ್ಲ. ನಿಮ್ಮ ಮುಖ ಪರಿಚಯವಾದ ಮೇಲೆ ಮಾತು ತಾನಾಗಿ ಬರುತ್ತದೆ. ತಿಂಗಳಿಗೊಮ್ಮೆ ನಡೆಯುವ ದೊಡ್ಡ ಸಮಾರಂಭಕ್ಕೆ ಹೋಗಿ ನೂರು ಜನಕ್ಕೆ ಕೈ ಮುಗಿದು ಬಂದರೆ ಏನೂ ಉಳಿಯುವುದಿಲ್ಲ. ನಾನು ಅದನ್ನೂ ಮಾಡಿ ನೋಡಿದ್ದೇನೆ.

ಆಟ ಆಡುವವರಿಗೆ ಇನ್ನೊಂದು ವಿಷಯ. ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಜನರನ್ನು ಸುಮಾರು 25 ವರ್ಷ ಗಮನಿಸಿ, 2018ರಲ್ಲಿ ಅದರ ಫಲ ಪ್ರಕಟಿಸಿದರು. ಕೂತೇ ಇರುವವರಿಗಿಂತ ಟೆನಿಸ್ ಆಡುವವರ ಆಯಸ್ಸು ಸರಾಸರಿ 9.7 ವರ್ಷ ಜಾಸ್ತಿ ಇತ್ತು. ಷಟಲ್ ಆಡುವವರದು 6.2, ಒಂಟಿಯಾಗಿ ಮಾಡಬಹುದಾದ ಜಾಗಿಂಗ್‌ನವರದು 3.2. ಜೊತೆಗಾರರು ಬೇಕಾಗುವ ಆಟಗಳೇ ಮುಂದಿದ್ದವು. ಆಟದಿಂದಲೇ ಆಯಸ್ಸು ಬಂತೆಂದು ಇದರಿಂದ ಸಾಬೀತಾಗುವುದಿಲ್ಲ. ಆರೋಗ್ಯ, ಅನುಕೂಲ ಇದ್ದವರೇ ಟೆನಿಸ್ ಆಡಿರಬಹುದು. ನನಗೆ ಆಯಸ್ಸಿನ ಲೆಕ್ಕವೂ ಅಷ್ಟು ಮುಖ್ಯವಲ್ಲ. ನಾಳೆ ಬೆಳಿಗ್ಗೆ ನಾನು ಹೋಗದಿದ್ದರೆ ಆಟಕ್ಕೆ ಒಬ್ಬರು ಕಡಿಮೆಯಾಗುತ್ತಾರೆ. ಹಾಸಿಗೆಯಿಂದ ನನ್ನನ್ನು ಏಳಿಸುವುದು ಅದು.

ಈಗ ಬಿಸಿಲಿನ ಇನ್ನೊಂದು ಮುಖದ ಬಗ್ಗೆ ಹೇಳಲೇಬೇಕು. ಬಿಸಿಲೂರಿಗೆ ಬರುವವರು ಇದನ್ನು ಯೋಚಿಸುವುದೇ ಇಲ್ಲ.

1995ರ ಜುಲೈನಲ್ಲಿ ಅಮೆರಿಕದ ಶಿಕಾಗೋ ನಗರದಲ್ಲಿ ತಾಪ 40 ಡಿಗ್ರಿ ದಾಟಿತು. ಕೆಲವೇ ದಿನಗಳಲ್ಲಿ 700ಕ್ಕೂ ಹೆಚ್ಚು ಜನ ಸತ್ತರು. ಸತ್ತವರಲ್ಲಿ ಬಹಳ ಮಂದಿ ವಯಸ್ಸಾದವರು. ಆಮೇಲೆ ಅಧ್ಯಯನ ಮಾಡಿದವರಿಗೆ ಕಂಡದ್ದು ಇದು: ಒಂಟಿಯಾಗಿದ್ದವರಿಗೆ, ಮನೆಯಿಂದ ಹೊರಗೇ ಬರದವರಿಗೆ ಅಪಾಯ ಜಾಸ್ತಿ ಇತ್ತು. ಹತ್ತಿರದಲ್ಲಿ ಸ್ನೇಹಿತರಿದ್ದವರಿಗೆ ಕಡಿಮೆ ಇತ್ತು. ಕಿಟಕಿ ಮುಚ್ಚಿದ ಕೋಣೆಯಲ್ಲಿ ಒಬ್ಬರೇ ಇದ್ದರೆ ತಲೆ ಸುತ್ತಿದಾಗ ನೀರು ಕೊಡುವವರು ಯಾರು ಹೇಳಿ?

ನಮ್ಮ ಗುಂಪಿನಲ್ಲೇ ಹೀಗೊಂದು ಆಯಿತು. ಎರಡು ವರ್ಷದ ಹಿಂದಿನ ಬೇಸಿಗೆ. ಹಿಂದೆ ಗಣಿತ ಮೇಷ್ಟ್ರಾಗಿದ್ದ ಒಬ್ಬರು ಒಂದು ದಿನ ಮೈದಾನಕ್ಕೆ ಬರಲಿಲ್ಲ. ಬರದಿದ್ದರೆ ಹಿಂದಿನ ದಿನವೇ ಹೇಳುವ ಮನುಷ್ಯ. ಏಳೂವರೆಗೆ ಫೋನ್ ಮಾಡಿದೆವು, ಎತ್ತಲಿಲ್ಲ. ನಾವಿಬ್ಬರು ಅವರ ಮನೆಗೆ ಹೋದೆವು. ಬಾಗಿಲು ತೆರೆದೇ ಇತ್ತು. ಅವರು ನೆಲದ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಮಾತು ತೊದಲುತ್ತಿತ್ತು. ಆಸ್ಪತ್ರೆಗೆ ಕರೆದುಕೊಂಡು ಹೋದಾಗ ಮೈಯಲ್ಲಿ ನೀರಿನಂಶ ತೀರಾ ಇಳಿದಿದೆ ಅಂದರು. ಕಾರಣ ಕೇಳಿದರೆ, ರಾತ್ರಿ ಮೂರು ಸಲ ಎದ್ದು ಬಚ್ಚಲಿಗೆ ಹೋಗುವ ತಾಪತ್ರಯ ಬೇಡವೆಂದು ಮಧ್ಯಾಹ್ನದಿಂದಲೇ ನೀರು ಕುಡಿಯುವುದನ್ನು ಬಿಟ್ಟಿದ್ದರು. ಹಲವರು ಹೀಗೆ ಮಾಡುತ್ತಾರೆ, ಯಾರಿಗೂ ಹೇಳುವುದಿಲ್ಲ ಅಷ್ಟೇ.

ವಯಸ್ಸಾದಂತೆ ಬಾಯಾರಿಕೆ ಗೊತ್ತಾಗುವುದೇ ಕಡಿಮೆಯಾಗುತ್ತದೆ. ಬೆವರುವುದೂ ಕಡಿಮೆ, ಹಾಗಾಗಿ ಮೈ ಬೇಗ ತಣಿಯುವುದಿಲ್ಲ. ಬಿ.ಪಿ.ಗೆ ಕೊಡುವ ಕೆಲವು ಮಾತ್ರೆಗಳು ಮೂತ್ರವನ್ನು ಹೆಚ್ಚು ಮಾಡುತ್ತವೆ. ಬಾಯಾರಿದಾಗ ಕುಡಿದರಾಯಿತು ಎನ್ನುವುದು ನಮ್ಮ ವಯಸ್ಸಿಗೆ ನಡೆಯುವುದಿಲ್ಲ. (ಹೃದಯ, ಕಿಡ್ನಿ ತೊಂದರೆ ಇರುವವರು ಎಷ್ಟು ಕುಡಿಯಬೇಕೆಂದು ವೈದ್ಯರನ್ನೇ ಕೇಳಿ.) ಅವತ್ತಿನಿಂದ ನಮ್ಮಲ್ಲಿ ಒಂದು ಪದ್ಧತಿ ಬಂತು. ಆಟದ ಮಧ್ಯೆ ಎಲ್ಲರೂ ಒಟ್ಟಿಗೆ ನೀರು ಕುಡಿಯುತ್ತೇವೆ. ಬೇಸಿಗೆಯಲ್ಲಿ ಬಿಸಿಲು ಏರುವ ಮೊದಲೇ ಮನೆ ಸೇರುತ್ತೇವೆ, ಸಂಜೆ ಇಳಿಬಿಸಿಲಿಗೆ ಮತ್ತೆ ಸೇರುತ್ತೇವೆ. ಮಧ್ಯಾಹ್ನ ಒಬ್ಬರು ಇನ್ನೊಬ್ಬರಿಗೆ ಫೋನ್ ಮಾಡುತ್ತಾರೆ. ಎರಡು ನಿಮಿಷದ ಮಾತು. ಮೇಷ್ಟ್ರಿಗೆ ಮಾಡುವುದು ನನ್ನ ಪಾಲು.

ನನಗೆ ತುಂಬ ಇಷ್ಟವಾದ ಒಂದು ಕಥೆ ಇದೆ, ನಿಜವಾಗಿ ನಡೆದದ್ದು. ಫ್ರಾನ್ಸಿನ ದಕ್ಷಿಣ ತೀರದಲ್ಲಿ ಲಾ ಸಿಯೋಟಾ ಎಂಬ ಊರು. ಒಳ್ಳೆಯ ಬಿಸಿಲಿನ ಊರು. ಅಲ್ಲಿನ ಜನ ಗುಂಡು ಎಸೆಯುವ ಒಂದು ಆಟ ಆಡುತ್ತಿದ್ದರು. ಓಡಿ ಬಂದು ಎಸೆಯುವ ಆಟ. ಜೂಲ್ ಲೆನ್ವಾರ್ ಎಂಬ ಒಳ್ಳೆಯ ಆಟಗಾರನಿಗೆ ಸಂಧಿವಾತ ಬಂತು. ಓಡಲಾಗಲಿಲ್ಲ. ಪಕ್ಕದಲ್ಲಿ ಕೂತು ನೋಡುವುದೊಂದೇ ಉಳಿಯಿತು. ಆಗ ಅವನಿಗಾಗಿ ಆಟದ ನಿಯಮವನ್ನೇ ಬದಲಿಸಿದರು. ಅಂಕಣದ ಉದ್ದ ಕಡಿಮೆ ಮಾಡಿದರು. ಓಡುವುದು ಬೇಡ, ಎರಡು ಪಾದ ಜೋಡಿಸಿ ನಿಂತಲ್ಲೇ ನಿಂತು ಎಸೆದರಾಯಿತು ಎಂದರು. 1910ರಲ್ಲಿ ಹೊಸ ನಿಯಮದ ಸ್ಪರ್ಧೆಯೂ ನಡೆಯಿತು. ಇವತ್ತು ಲೋಕದ ಎಷ್ಟೋ ದೇಶಗಳಲ್ಲಿ ಆಡುವ ಪೆಟಾಂಕ್ ಆಟ ಹುಟ್ಟಿದ್ದು ಹೀಗೆ. ನೆಲಕ್ಕೆ ಊರಿದ ಪಾದ ಎನ್ನುವ ಅರ್ಥದ ಮಾತಿನಿಂದಲೇ ಅದಕ್ಕೆ ಆ ಹೆಸರು ಬಂತು.

ಈ ಕಥೆ ಓದಿದ ದಿನ ನನ್ನನ್ನು ಆಟಕ್ಕೆ ಕರೆದಿದ್ದ ಆ ಹೆಂಗಸು ಮೈದಾನಕ್ಕೆ ಬರುವುದು ನಿಲ್ಲಿಸಿ ಮೂರು ವಾರವಾಗಿತ್ತು. ಮಂಡಿ ಸವೆದಿತ್ತು. "ನನ್ನಿಂದ ನಿಮ್ಮ ಆಟ ಯಾಕೆ ಹಾಳಾಗಬೇಕು" ಎನ್ನುತ್ತಿದ್ದರು. ನಾವು ಕೂತು ಮಾತಾಡಿದೆವು. ವಾರದಲ್ಲಿ ಮೂರು ದಿನ ಷಟಲ್, ಮೂರು ದಿನ ನಿಂತಲ್ಲೇ ಆಡುವ ರಿಂಗ್. ರಿಂಗು ಎದುರಿನವರ ಕೈಗೆ ಎಟಕುವಂತೆಯೇ ಎಸೆಯಬೇಕು, ತಪ್ಪಿದರೆ ಎಸೆದವರದೇ ತಪ್ಪು. ಮೊದಲ ವಾರ ಇಬ್ಬರು ಮುಖ ಸಿಂಡರಿಸಿದರು, ಇದೇನು ಆಟ ಅಂತ. ಈಗ ರಿಂಗಿನ ದಿನಗಳಲ್ಲೇ ಜನ ಜಾಸ್ತಿ.

ಕಿವಿಯದ್ದು ಇನ್ನೂ ಸೂಕ್ಷ್ಮದ ವಿಷಯ. ಮಂಡಿ ನೋವಿದ್ದವರು ಹೇಳಿಕೊಳ್ಳುತ್ತಾರೆ. ಕಿವಿ ಕೇಳಿಸದವರು ಹೇಳುವುದಿಲ್ಲ, ಸುಮ್ಮನೆ ನಗುತ್ತಾರೆ. ಆಮೇಲೆ ಮೂಲೆಯಲ್ಲಿ ಕೂರುತ್ತಾರೆ. ಆಮೇಲೆ ಬರುವುದೇ ಇಲ್ಲ. ಅವರಿಗೆ ಗರ್ವ ಬಂತು ಎಂದು ಉಳಿದವರು ತಿಳಿಯುತ್ತಾರೆ. ಮರೆವಿನ ಕಾಯಿಲೆಗೆ ದಾರಿ ಮಾಡುವ, ಆದರೆ ನಾವು ಸರಿಪಡಿಸಿಕೊಳ್ಳಬಹುದಾದ 14 ಕಾರಣಗಳನ್ನು ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ತಜ್ಞರ ಸಮಿತಿ 2024ರಲ್ಲಿ ಪಟ್ಟಿ ಮಾಡಿತು. ಅದರಲ್ಲಿ ಕಿವಿ ಮಂದವಾಗುವುದೂ ಇದೆ, ಜನರಿಂದ ದೂರವಾಗುವುದೂ ಇದೆ. ಎರಡೂ ಒಂದಕ್ಕೊಂದು ಅಂಟಿಕೊಂಡಿರುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕಿವಿಗೆ ಮಷಿನ್ ಹಾಕಿಕೊಳ್ಳಲು ನಾಚಿಕೊಳ್ಳಬೇಡಿ. ಕನ್ನಡಕಕ್ಕೆ ಇಲ್ಲದ ನಾಚಿಕೆ ಇದಕ್ಕೇಕೆ?

ಗಂಡ ಹೆಂಡತಿ ಇಬ್ಬರೇ ಬಂದು ನೆಲೆಸುವವರಿಗೂ ಒಂದು ಮಾತು. ನಿಮಗೆ ನೀವಿದ್ದೀರಿ ಎಂದು ಧೈರ್ಯವಾಗಿರಬೇಡಿ. ಇಬ್ಬರಿಗೂ ಬೇರೆ ಬೇರೆ ಗೆಳೆತನ ಇರಲಿ. ಒಬ್ಬರು ಹೋದ ಮೇಲೆ ಇನ್ನೊಬ್ಬರು ಆ ದುಃಖದಲ್ಲಿ ಮೊದಲಿನಿಂದ ಪರಿಚಯ ಮಾಡಿಕೊಳ್ಳುವುದು ಬಹಳ ಕಷ್ಟ.

ಬರೀ ಮುದುಕರೇ ಇರುವ ಊರುಗಳ ಬಗ್ಗೆ ನನಗೆ ಮನಸ್ಸಿಲ್ಲ. 1960ರ ಜನವರಿ 1ರಂದು ಅಮೆರಿಕದ ಅರಿಜೋನಾ ಮರುಭೂಮಿಯಲ್ಲಿ ಸನ್ ಸಿಟಿ ಎಂಬ ನಿವೃತ್ತರ ಊರು ಶುರುವಾಯಿತು. ಬೇರೆ ಮನೆಗಳೆಲ್ಲ ಏಳುವ ಮೊದಲೇ ಜನ ಸೇರುವ ಕೇಂದ್ರ, ಆಟದ ಮೈದಾನ, ಅಂಗಡಿ ಕಟ್ಟಿದ್ದರು. ಅದು ಒಳ್ಳೆಯ ಬುದ್ಧಿ. ಆದರೆ ಅಂಥ ಕಡೆ ಮಕ್ಕಳಿಗೆ ವಾಸವಿಲ್ಲ. ನಮ್ಮ ಮೈದಾನಕ್ಕೆ ಸಂಜೆ ಮಕ್ಕಳು ಬರುತ್ತಾರೆ, ಗಲಾಟೆ ಮಾಡುತ್ತಾರೆ, ನಮ್ಮ ಷಟಲ್ ಕಾಕ್ ಕಳೆಯುತ್ತಾರೆ. ಮೇಷ್ಟ್ರು ಅವರಲ್ಲಿ ನಾಲ್ಕು ಜನಕ್ಕೆ ಲೆಕ್ಕ ಹೇಳಿಕೊಡುತ್ತಾರೆ. ಆಸ್ಪತ್ರೆಯಿಂದ ಬಂದ ಮೇಲೆ ಅವರ ಮುಖ ಅರಳಿದ್ದು ಆ ಮಕ್ಕಳಿಂದಲೇ.

"ಈ ವಯಸ್ಸಿನಲ್ಲಿ ಹೊಸಬರನ್ನು ಹಚ್ಚಿಕೊಂಡರೆ ಅವರು ಹೋಗುವುದನ್ನೂ ನೋಡಬೇಕಲ್ವಾ" ಎಂದು ಒಬ್ಬರು ಕೇಳಿದ್ದರು. ಹೌದು, ನೋಡಬೇಕು. ಐದು ವರ್ಷದಲ್ಲಿ ಇಬ್ಬರನ್ನು ಕಳೆದುಕೊಂಡಿದ್ದೇವೆ. ಅವರಲ್ಲಿ ಒಬ್ಬರ ಕೊನೆಯ ಹದಿನೈದು ದಿನ ನಾವು ಸರದಿಯ ಮೇಲೆ ಪಕ್ಕದಲ್ಲಿ ಕೂತೆವು. ನನ್ನ ಪಾಲಿಗೆ ಬಂದದ್ದು ಬೆಳಗಿನ ಹೊತ್ತು. ಯಾರ್ಯಾರು ಆಟಕ್ಕೆ ಬಂದಿದ್ದರು, ಯಾರು ಗೆದ್ದರು ಎಂದು ದಿನಾ ಕೇಳುತ್ತಿದ್ದರು. ನಾನು ಹೇಳುತ್ತಿದ್ದೆ. ಅವರನ್ನು ಪರಿಚಯ ಮಾಡಿಕೊಳ್ಳದೇ ಇದ್ದಿದ್ದರೆ ಆ ದುಃಖ ನನಗೆ ಇರುತ್ತಿರಲಿಲ್ಲ, ನಿಜ. ಆದರೆ ಆ ಬೆಳಗುಗಳೂ ಇರುತ್ತಿರಲಿಲ್ಲ.

ನಿನ್ನೆ ರಾತ್ರಿ ಸಹೋದ್ಯೋಗಿಗೆ ನಾನೇ ಫೋನ್ ಮಾಡಿದೆ. ಇಷ್ಟನ್ನೂ ಹೇಳಲಿಲ್ಲ. ಬಂದ ಮರುದಿನವೇ ಬೆಳಿಗ್ಗೆ ಆರಕ್ಕೆ ಸಿದ್ಧವಾಗಿರಿ, ಒಂದು ಟೋಪಿ, ಒಂದು ನೀರಿನ ಬಾಟಲಿ ಸಾಕು ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಕುರ್ಚಿ ಆಗಲೇ ತಗೊಂಡುಬಿಟ್ಟೆನಲ್ಲ ಮೇಡಂ" ಅಂದರು. ಅದನ್ನೂ ತನ್ನಿ ಅಂದೆ. ನನ್ನ ಬೆತ್ತದ ಕುರ್ಚಿಯನ್ನು ಮೈದಾನಕ್ಕೆ ಕೊಟ್ಟು ಬಹಳ ದಿನವಾಯಿತು. ಸ್ಕೋರ್ ಬರೆಯುವವರು ಅದರಲ್ಲಿ ಕೂರುತ್ತಾರೆ. ನೆಟ್ಟಿನ ಆ ಕಡೆಗೂ ಒಂದು ಬೇಕಾಗಿದೆ.