ಮಲ್ಪೆ ಕಡಲಿಗೆ 27 ಮೀಟರ್ ಎತ್ತರವಂತೆ!

ಮಂಡೆ ಬಿಸಿಯಾಗಿದೆ ಮಾರಾಯ್ರೆ. ಯಾರ ಹತ್ತಿರವಾದರೂ ಹೇಳದಿದ್ದರೆ ಇವತ್ತು ನಿದ್ದೆ ಬರುವುದಿಲ್ಲ.

38,000 ರೂಪಾಯಿ ಕೊಟ್ಟು ಒಂದು ಸ್ಪೋರ್ಟ್ಸ್ ವಾಚ್ ತೆಗೆದುಕೊಂಡೆ. ಕಂಪನಿ ಹೆಸರು ಬೇಡ. ಸುಮ್ನೆ ಹೆಜ್ಜೆ ಎಣಿಸುವುದಾದರೆ ಎರಡು ಸಾವಿರದ್ದೇ ಸಾಕಿತ್ತು. ನನಗೆ ಚಾರಣದ ಹುಚ್ಚು. ಎಷ್ಟು ಎತ್ತರ ಹತ್ತಿದೆ ಅಂತ ಸರಿಯಾಗಿ ಗೊತ್ತಾಗಬೇಕಿತ್ತು. ಡಬ್ಬದ ಮೇಲೆ ದೊಡ್ಡ ಪರ್ವತದ ಚಿತ್ರ. ಒಳಗೆ ಗಾಳಿಯ ಒತ್ತಡ ಅಳೆಯುವ ಸೆನ್ಸರ್, ಎರಡೆರಡು ಫ್ರೀಕ್ವೆನ್ಸಿಯ ಜಿಪಿಎಸ್. ಮನೆಯಲ್ಲಿ ಬೈಗುಳ ತಿಂದದ್ದು ಬೇರೆ.

ಕಳೆದ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಮಣಿಪಾಲದ ಮನೆ ಎದುರು ನಿಂತು, ಎತ್ತರ 75 ಮೀಟರ್ ಅಂತ ಕೈಯಾರೆ ಹಾಕಿದೆ. ಊಟ ಆಯ್ತು, ಒಂದು ನಿದ್ದೆಯೂ ಆಯ್ತು. ಆಮೇಲೆ ಸೈಕಲ್ ಹತ್ತಿ ಇಂದ್ರಾಳಿ, ಕಲ್ಸಂಕ, ಬನ್ನಂಜೆ, ಆದಿಉಡುಪಿ ದಾಟಿ ಮಲ್ಪೆಗೆ ಹೋದೆ. ನಾಲ್ಕೂವರೆಗೆ ಬೀಚಿನಲ್ಲಿ ಚಪ್ಪಲಿ ಬಿಚ್ಚಿ ನೀರಿಗೆ ಕಾಲಿಟ್ಟೆ. ಅಲೆ ಮೊಣಕಾಲಿಗೆ ಬಡಿಯುತ್ತಿದೆ. ವಾಚ್ ನೋಡುತ್ತೇನೆ, 27 ಮೀಟರ್!

ಒತ್ತಿದೆ, ಒರೆಸಿದೆ, ಕುಟ್ಟಿದೆ. 27 ಬದಲಾಗಲಿಲ್ಲ. ಅಲ್ಲೇ ಬಲೆ ಹೊಲಿಯುತ್ತಿದ್ದ ಹಿರಿಯರೊಬ್ಬರು ನನ್ನನ್ನೇ ನೋಡುತ್ತಿದ್ದರು.

"ಎಂತ ಮಾರಾಯ್ರೆ, ವಾಚ್ ಹಾಳಾಯ್ತಾ?"

"ನಾನು ನಿಂತದ್ದು ಸಮುದ್ರದಿಂದ 27 ಮೀಟರ್ ಮೇಲೆ ಅಂತ ಹೇಳ್ತದೆ."

ಅವರು ನೀರು ನೋಡಿದರು, ನನ್ನ ಮೊಣಕಾಲು ನೋಡಿದರು. "ಹಾಗಾದ್ರೆ ನಮ್ಮ ಬೋಟ್ ಎಲ್ಲಿ ಉಂಟು?" ಅಂದರು.

ಉತ್ತರ ನನ್ನ ಹತ್ತಿರ ಇರಲಿಲ್ಲ.

ಮನೆಗೆ ಬಂದು ಆ ದಿನದ ಗ್ರಾಫ್ ತೆಗೆದು ನೋಡಿದೆ. ಮಧ್ಯಾಹ್ನ ನಾನು ಗೊರಕೆ ಹೊಡೆಯುತ್ತಿದ್ದಾಗಲೇ ವಾಚ್ ನಿಧಾನಕ್ಕೆ ಗುಡ್ಡ ಹತ್ತುತ್ತಾ ಹೋಗಿದೆ. ವಿಷಯ ಏನು ಅಂದರೆ, ಇದು ಅಳೆಯುವುದು ಎತ್ತರವನ್ನಲ್ಲ, ಗಾಳಿಯ ಒತ್ತಡವನ್ನು. ಮೇಲೆ ಹೋದಷ್ಟೂ ಒತ್ತಡ ಕಡಿಮೆ. ಕಡಲ ಮಟ್ಟದ ಹತ್ತಿರ ಸುಮಾರು 8 ಮೀಟರ್‌ಗೆ 1 ಹೆಕ್ಟೋಪ್ಯಾಸ್ಕಲ್ (ಒತ್ತಡದ ಅಳತೆ ಅದು) ಇಳಿಯುತ್ತದೆ. ಆದರೆ ನಮ್ಮಂಥ ಬಿಸಿ ಊರುಗಳಲ್ಲಿ ಗಾಳಿಗೂ ದಿನಕ್ಕೆ ಎರಡು ಸಲ ಭರತ ಇಳಿತ ಉಂಟು. ಬೆಳಿಗ್ಗೆ ಹತ್ತರ ಸುಮಾರಿಗೆ ಒತ್ತಡ ಜಾಸ್ತಿ, ಸಂಜೆ ನಾಲ್ಕಕ್ಕೆ ಕಡಿಮೆ. ರಾತ್ರಿ ಹತ್ತಕ್ಕೆ ಮತ್ತೆ ಏರುತ್ತದೆ. ಮೂರು ಹೆಕ್ಟೋಪ್ಯಾಸ್ಕಲ್ ಇಳಿದರೆ ಇಪ್ಪತ್ತೈದು ಮೀಟರ್ ಸುಳ್ಳು ಬಂತಲ್ಲ! ಮಳೆಗಾಲದಲ್ಲಿ ಕಡಲ ಮೇಲೆ ವಾಯುಭಾರ ಕುಸಿದಾಗ ಕೇಳುವುದೇ ಬೇಡ.

ಇದೇನು ನಿನ್ನೆ ಮೊನ್ನೆ ಕಂಡುಹಿಡಿದ ಗುಟ್ಟಲ್ಲ. ಏ ವಾಚೇ, ಗಡಿಯಾರ ನಿನ್ನೊಳಗೇ ಉಂಟು ಮಾರಾಯ, ಗಂಟೆ ನಾಲ್ಕಾಯ್ತು ಅಂತ ಗೊತ್ತಿದ್ದ ಮೇಲೆ ಒಂದು ಸಣ್ಣ ಲೆಕ್ಕ ಹಾಕಲಿಕ್ಕೆ ಎಂತ ರೋಗ?

ಕಸ್ಟಮರ್ ಕೇರ್‌ಗೆ ಫೋನ್ ಮಾಡಿದೆ. ಇಪ್ಪತ್ತು ನಿಮಿಷ ಸಂಗೀತ ಕೇಳಿಸಿದರು. ಆಮೇಲೆ ಒಬ್ಬ ಹುಡುಗ ಬಂದ.

"ಎತ್ತರ ಗೊತ್ತಿರುವ ಜಾಗದಲ್ಲಿ ನಿಂತು ಕ್ಯಾಲಿಬ್ರೇಟ್ ಮಾಡಿ ಸರ್."

"ಸಮುದ್ರದಲ್ಲೇ ನಿಂತಿದ್ದೆನಪ್ಪ."

"ಓಕೆ ಸರ್. ಆ ಸಮುದ್ರ ಎಷ್ಟು ಮೀಟರ್ ಎತ್ತರ ಇದೆ ಸರ್?"

ಫೋನ್ ಇಟ್ಟೆ. ಅವನ ತಪ್ಪಲ್ಲ ಬಿಡಿ, ಅವನ ಎದುರು ಯಾರೋ ಬರೆದುಕೊಟ್ಟ ಪ್ರಶ್ನೆಗಳಿರುತ್ತವೆ.

ಸೋಮವಾರ ಬೆಳಿಗ್ಗೆ ನೋಡಿದರೆ ನಾನು ಹಾಕಿದ್ದ 75 ಮಾಯ. ರಾತ್ರಿ ತಾನೇ ಜಿಪಿಎಸ್ ನೋಡಿಕೊಂಡು ಸರಿ ಮಾಡಿಕೊಂಡಿದೆಯಂತೆ. ಜಿಪಿಎಸ್ ಎತ್ತರ ಹೇಳುವುದರಲ್ಲೇ ದಡ್ಡ. ಉಪಗ್ರಹಗಳೆಲ್ಲ ತಲೆ ಮೇಲೆ, ಕಾಲಡಿಯಲ್ಲಿ ಒಂದೂ ಇಲ್ಲ. ಹಾಗಾಗಿ ಅಡ್ಡಕ್ಕಿಂತ ಮೇಲೆ ಕೆಳಗೆ ತಪ್ಪು ಜಾಸ್ತಿ. ನನ್ನ ಸ್ನೇಹಿತನ ಮೊಬೈಲ್ ಆ್ಯಪ್ ಒಂದು ಅದೇ ಮಲ್ಪೆಯಲ್ಲಿ ಮೈನಸ್ 80ರ ಆಚೀಚೆ ತೋರಿಸುತ್ತದೆ! ಅದಕ್ಕಾದರೂ ಕಾರಣ ಉಂಟು. ಉಪಗ್ರಹ ಲೆಕ್ಕ ಹಾಕುವುದು ನುಣುಪಾದ ಮೊಟ್ಟೆಯಂಥ ಒಂದು ಭೂಮಿಯಿಂದ. ನಮ್ಮ ಕಡೆ ಗುರುತ್ವಾಕರ್ಷಣೆ ಸ್ವಲ್ಪ ಕಮ್ಮಿ, ಕಡಲಿನ ಮಟ್ಟವೇ ಆ ಮೊಟ್ಟೆಗಿಂತ ಅಷ್ಟು ತಗ್ಗಿನಲ್ಲಿದೆ. ಆ ಆ್ಯಪ್ ಈ ವ್ಯತ್ಯಾಸ ಕಳೆಯುವುದಿಲ್ಲ. ಪುಕ್ಕಟೆ ಆ್ಯಪ್ ಅದು, ಕ್ಷಮಿಸೋಣ. 38,000ದ್ದನ್ನು ಯಾಕೆ ಕ್ಷಮಿಸಬೇಕು?

ಇನ್ನೂ ಉರಿಯುವುದು ಗಡಾಯಿಕಲ್ಲಿನ ಕಥೆಗೆ. ಬೆಳ್ತಂಗಡಿ ಹತ್ತಿರದ ಆ ಒಂಟಿ ಬಂಡೆ, ಟಿಪ್ಪುವಿನ ಜಮಾಲಾಬಾದ್ ಕೋಟೆ. ಕಲ್ಲು ಕಡಿದು ಮಾಡಿದ ಮೆಟ್ಟಿಲು, ಹತ್ತಿದ ದಾರಿಯಲ್ಲೇ ಇಳಿಯಬೇಕು. ಬೇರೆ ದಾರಿ ಇಲ್ಲ. ಬೈಕ್ ನಿಲ್ಲಿಸಿದಲ್ಲಿ ವಾಚ್ ಶುರು ಮಾಡಿದೆ, ಅದೇ ಬೈಕ್ ಹತ್ತಿರ ನಿಲ್ಲಿಸಿದೆ. ಹತ್ತಿದ್ದು 412 ಮೀಟರ್, ಇಳಿದದ್ದು 287 ಅಂತೆ. ಉಳಿದ 125 ಮೀಟರ್ ನಾನೇನು ಗಾಳಿಯಲ್ಲಿ ನೇತಾಡುತ್ತಿದ್ದೇನಾ? ಮ್ಯಾಪಿನಲ್ಲಿ ನೋಡಿದರೆ ಗೆರೆ ಮೆಟ್ಟಿಲು ಬಿಟ್ಟು ಪ್ರಪಾತದ ಮೇಲೆ ಹಾರಿ ಹೋಗಿದೆ. ಬಂಡೆಗೆ ಸಿಗ್ನಲ್ ಬಡಿದು ಸುತ್ತಿ ಬಂದರೆ ಹಾಗೆ ಆಗುತ್ತದೆ, ಒಪ್ಪುತ್ತೇನೆ. ಎತ್ತರಕ್ಕೆ ಏನಾಗಿತ್ತು ಗೊತ್ತುಂಟಾ? ಸೆನ್ಸರಿನ ತೂತಿಗೆ ನನ್ನ ಬೆವರು ತುಂಬಿತ್ತು. ಅಷ್ಟೇ! ವಾಚಿನ ಬದಿಯಲ್ಲಿ ಸೂಜಿಮೊನೆಯಷ್ಟು ತೂತು ಇಟ್ಟಿದ್ದಾರೆ. ಅದರೊಳಗೆ ಉಪ್ಪು ಕಟ್ಟಿಕೊಂಡರೆ ಸೂಜಿ ಹಾಕಿ ಚುಚ್ಚುವ ಹಾಗಿಲ್ಲ, ಸಿಹಿನೀರಿನಲ್ಲಿ ತೊಳೆದು ಒಣಗಲು ಬಿಡಬೇಕು. ಪರ್ವತ ಹತ್ತುವವರ ವಾಚಿಗೆ ಬೆವರು ಆಗುವುದಿಲ್ಲ ಅಂದರೆ ಏನು ಹೇಳುವುದು? ಕರಾವಳಿಯಲ್ಲಿ ನಾವು ಚಾ ಕುಡಿದರೂ ಬೆವರುತ್ತೇವೆ.

ಗ್ರೂಪಿನಲ್ಲಿ ಎಲ್ಲರ ಎದುರು 412 ಅಂತ ಹಾಕಿಯೂ ಆಗಿತ್ತು. "ಅಣ್ಣ, ಇನ್ನೂ ಮೇಲೆಯೇ ಇದ್ದೀರಾ?" ಅಂತ ಒಬ್ಬ ಈಗಲೂ ಕೇಳುತ್ತಾನೆ.

ಇವತ್ತು ಸಂಜೆ ನಾಲ್ಕಕ್ಕೆ ಮತ್ತೆ 75 ಹಾಕಿ ವಾಚನ್ನು ಮೇಜಿನ ಮೇಲೆ ಇಟ್ಟೆ. ಮುಟ್ಟಿಲ್ಲ. ಈಗ ರಾತ್ರಿ ಹತ್ತು. 58 ತೋರಿಸುತ್ತಿದೆ. ಸಂಜೆಯಿಂದ ನಮ್ಮ ಮನೆ 17 ಮೀಟರ್ ಕೆಳಗೆ ಇಳಿದಿದೆ.