ಮೀನು ತಿನ್ನುವ ಅಮ್ಮನಿಗೆ ಬಿ12 ಯಾಕೆ ಕಡಿಮೆ?

ಮಲ್ಪೆಯಲ್ಲಿ ಬೂತಾಯಿ ಮೀನು ತೆಗೆದುಕೊಂಡು ಬರುವಾಗ ಅಮ್ಮನ ಎಡಗಾಲಿನ ಚಪ್ಪಲಿ ದಾರಿಯಲ್ಲೇ ಕಳಚಿ ಬಿದ್ದಿತ್ತು. ಮನೆ ಮೆಟ್ಟಿಲು ಹತ್ತುವವರೆಗೆ ಅವರಿಗೆ ಗೊತ್ತೇ ಆಗಿರಲಿಲ್ಲ. ಪಾದ ಜೋಮು ಹಿಡಿಯುತ್ತದೆ, ಖಾರ ತಾಗಿದರೆ ನಾಲಗೆ ಉರಿಯುತ್ತದೆ ಎಂದು ತಿಂಗಳುಗಳಿಂದ ಹೇಳುತ್ತಿದ್ದರು. ನಾವು ವಯಸ್ಸಿನ ಲೆಕ್ಕಕ್ಕೆ ಹಾಕಿ ಬಿಟ್ಟಿದ್ದೆವು. ಅದಕ್ಕೆ ಈಗಲೂ ನನಗೆ ಬೇಸರ ಉಂಟು.

ರಕ್ತ ಪರೀಕ್ಷೆಯಲ್ಲಿ ವಿಟಮಿನ್ ಬಿ12 ಬರೀ 118. ಕನಿಷ್ಠ 200ರ ಹತ್ತಿರವಾದರೂ ಇರಬೇಕಿತ್ತು. ಡಾಕ್ಟ್ರ ಮೊದಲ ಪ್ರಶ್ನೆ, "ನೀವು ವೆಜ್ಜಾ?"

"ಮೀನಿಲ್ಲದೆ ನನಗೆ ಊಟವೇ ಸೇರುವುದಿಲ್ಲ ಡಾಕ್ಟ್ರೇ" ಎಂದರು ಅಮ್ಮ.

ತನಿಖೆ ಅಲ್ಲಿಂದಲೇ ಶುರುವಾಗಬೇಕಿತ್ತು. ಆದರೆ ಇಂಜೆಕ್ಷನ್ ಬರೆದು ಕಳಿಸಿದರು. ಜೋಮು ಕಡಿಮೆಯಾಯಿತು, ಕೋರ್ಸ್ ಮುಗಿಯಿತು, ನಾವೂ ಮರೆತೆವು. ಒಂದೂವರೆ ವರ್ಷಕ್ಕೆ ಮತ್ತೆ ಅದೇ ಉರಿ, ಅದೇ ಜೋಮು.

ಆಗ ಒಬ್ಬೊಬ್ಬರದು ಒಂದೊಂದು ಕಾರಣ. ಮಳೆಗಾಲದಲ್ಲಿ ಮೀನು ಸಿಗುವುದಿಲ್ಲವಲ್ಲ, ಅದಕ್ಕೇ ಎಂದರು ಪಕ್ಕದ ಮನೆಯವರು. ಕೇಳಲು ಸರಿಯೆನಿಸುತ್ತದೆ. ಆದರೆ ಯಾಂತ್ರಿಕ ದೋಣಿಗಳಿಗೆ ರಜೆ ಜೂನ್, ಜುಲೈ ಎರಡೇ ತಿಂಗಳು. ನಮ್ಮ ಪಿತ್ತಜನಕಾಂಗ ಬಿ12 ಅನ್ನು ವರ್ಷಗಟ್ಟಲೆಗೆ ಕೂಡಿಟ್ಟುಕೊಳ್ಳುತ್ತದೆ. ದಿನಕ್ಕೆ ಬೇಕಾದದ್ದು ಎರಡೂವರೆ ಮೈಕ್ರೋಗ್ರಾಂನಷ್ಟು, ಅದು ಒಂದು ಹೊತ್ತಿನ ಬಂಗುಡೆಯಲ್ಲೇ ಸಿಗುತ್ತದೆ. ಅಮ್ಮನ ಬಟ್ಟಲಲ್ಲಿ ಕೊರತೆ ಇರಲಿಲ್ಲ. ತಿಂದದ್ದು ರಕ್ತಕ್ಕೆ ಸೇರುತ್ತಿರಲಿಲ್ಲ.

ಎರಡನೇ ಡಾಕ್ಟ್ರು ಇಂಜೆಕ್ಷನ್‌ಗೆ ಮೊದಲೇ ರಕ್ತ ತೆಗೆಸಿದರು. ಕೊಟ್ಟ ಮೇಲೆ ಅಳೆದರೆ ಅಂಕಿ ಏರಿಯೇ ಇರುತ್ತದೆ, ಏನೂ ತಿಳಿಯುವುದಿಲ್ಲ. ಆಮೇಲೆ ಮಾತ್ರೆಗಳ ಚೀಲವನ್ನೇ ಮೇಜಿನ ಮೇಲೆ ಸುರಿಸಿದರು. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತಿಂದರೂ ಬಿ12 ಇಳಿಯುತ್ತದಂತೆ. ಅಮ್ಮನಿಗೆ ಸಕ್ಕರೆ ಇಲ್ಲ. ಇದ್ದದ್ದು ಬೆಳಿಗ್ಗೆ ಖಾಲಿ ಹೊಟ್ಟೆಗೆ ತಿನ್ನುವ ಗ್ಯಾಸಿನ ಮಾತ್ರೆ ಮತ್ತು ಥೈರಾಯ್ಡ್ ಮಾತ್ರೆ. ನಾವು ಗ್ಯಾಸಿನ ಮಾತ್ರೆಯ ಮೇಲೆ ಸಂಶಯಪಟ್ಟೆವು, ಅವರು ಥೈರಾಯ್ಡ್ ಮಾತ್ರೆ ಎತ್ತಿಕೊಂಡು "ಮನೆಯಲ್ಲಿ ಯಾರಿಗಾದರೂ ತೊನ್ನು ಉಂಟಾ?" ಎಂದು ಕೇಳಿದರು. ಉಂಟು, ಚಿಕ್ಕಮ್ಮನಿಗೆ. ದೇಹ ತನ್ನ ಮೇಲೆಯೇ ದಾಳಿ ಮಾಡುವ ಇಂಥ ಕಾಯಿಲೆಗಳು ಒಂದೇ ಕುಟುಂಬದಲ್ಲಿ ಜೊತೆಜೊತೆಯಾಗಿ ಕಾಣುವುದುಂಟಂತೆ.

ಹೊಟ್ಟೆಯ ಗೋಡೆ 'ಇಂಟ್ರಿನ್ಸಿಕ್ ಫ್ಯಾಕ್ಟರ್' ಎಂಬ ಪ್ರೋಟೀನ್ ಸ್ರವಿಸುತ್ತದೆ. ಅದು ಕೈಹಿಡಿದು ಕರೆದೊಯ್ದರೆ ಮಾತ್ರ ಬಿ12 ಸಣ್ಣಕರುಳಿನ ಕೊನೆಯಲ್ಲಿ ಸರಿಯಾಗಿ ಒಳಗೆ ಸೇರುತ್ತದೆ. 1920ರ ದಶಕದ ಕೊನೆಯಲ್ಲಿ ಬೋಸ್ಟನ್ನಿನ ವೈದ್ಯ ವಿಲಿಯಂ ಕ್ಯಾಸಲ್ ತಾವೇ ಗೋಮಾಂಸ ತಿಂದು, ಸ್ವಲ್ಪ ಹೊತ್ತಿನ ಬಳಿಕ ಹೊಟ್ಟೆಯಿಂದ ಹೊರತೆಗೆದು ಇದೇ ತೊಂದರೆಯ ರೋಗಿಗಳಿಗೆ ಕೊಟ್ಟಿದ್ದರು. ಬರೀ ಮಾಂಸ ತಿಂದಾಗ ಸುಧಾರಿಸದವರು ಅದರಿಂದ ಚೇತರಿಸಿಕೊಂಡರು. ಓದಲು ಹೇಸಿಗೆಯಾದರೂ, ಕಾರಣ ಹುಡುಕಲು ಅಷ್ಟು ದೂರ ಹೋದ ಆ ಮನುಷ್ಯನ ಮೇಲೆ ನನಗೆ ದೊಡ್ಡ ಗೌರವ.

ಅಮ್ಮನ ರಕ್ತದಲ್ಲಿ ಆ ಪ್ರೋಟೀನಿನ ಮೇಲೆಯೇ ದಾಳಿ ಮಾಡುವ ಪ್ರತಿಕಾಯಗಳು (ಆಂಟಿಬಾಡಿ) ಸಿಕ್ಕವು. ಕಾಯಿಲೆಯ ಹೆಸರು ಪರ್ನಿಶಿಯಸ್ ಅನೀಮಿಯಾ. ಎಂಡೋಸ್ಕೋಪಿಯಲ್ಲಿ ಹೊಟ್ಟೆಯ ಒಳಪದರ ಸವೆದದ್ದು ಕಂಡಿತು. ಅಂಥ ಹೊಟ್ಟೆಯಲ್ಲಿ ಆಮ್ಲವೇ ಕಡಿಮೆ. ಇಷ್ಟು ವರ್ಷ ನಾವು ತಿನ್ನಿಸಿದ್ದು ಆಮ್ಲ ತಗ್ಗಿಸುವ ಮಾತ್ರೆ!

ಹೇಗೂ ಇಂಜೆಕ್ಷನ್ ಅಲ್ವಾ, ಕಾರಣ ಗೊತ್ತಾಗಿ ಎಂತ ಪ್ರಯೋಜನ ಎಂದು ಅಣ್ಣ ಕೇಳಿದ. ಗೊತ್ತಿಲ್ಲದಿದ್ದರೆ ಮತ್ತೆ ನಿಲ್ಲಿಸುತ್ತಿದ್ದೆವು ಮಾರಾಯ. ನರ ಒಮ್ಮೆ ಕೆಟ್ಟರೆ ಪೂರ್ತಿ ವಾಪಸ್ ಬರುತ್ತದೆಂಬ ಭರವಸೆ ಇಲ್ಲ. ಈ ಕಾಯಿಲೆ ಇದ್ದವರಿಗೆ ಹೊಟ್ಟೆಯ ಕ್ಯಾನ್ಸರಿನ ಅಪಾಯವೂ ಹೆಚ್ಚು, ಆ ಕಡೆಗೂ ಕಣ್ಣಿಡಬೇಕು. ರಕ್ತ ಕಡಿಮೆ ಎಂದು ಯಾರೋ ಬರೀ ಫೋಲಿಕ್ ಆಸಿಡ್ ಕೊಟ್ಟಿದ್ದರೆ ರಕ್ತ ಏರುತ್ತಿತ್ತು, ನರ ಒಳಗೊಳಗೇ ಹಾಳಾಗುತ್ತಿತ್ತು.

ಹಾಗಾಗಿ ಕೈಮುಗಿದು ಕೇಳುತ್ತೇನೆ, ಮೊದಲ ಇಂಜೆಕ್ಷನ್ನಿಗೆ ಮುಂಚೆಯೇ "ಯಾಕೆ ಕಡಿಮೆಯಾಯಿತು ಡಾಕ್ಟ್ರೇ?" ಎಂದು ಕೇಳಿ. ತಿನ್ನುವ ಮಾತ್ರೆಗಳನ್ನೆಲ್ಲ ಜೊತೆಗೆ ಒಯ್ಯಿರಿ. ಮನೆಯವರ ಕಾಯಿಲೆಗಳನ್ನೂ ಹೇಳಿ.

ಅಮ್ಮನಿಗೆ ಈಗ ತಿಂಗಳಿಗೊಂದು ಇಂಜೆಕ್ಷನ್, ಜೀವನಪೂರ್ತಿ. ನಾಲಗೆಯ ಉರಿ ಹೋಗಿದೆ. ಕಾಲ್ಬೆರಳ ತುದಿಯ ಜೋಮು ಉಳಿದಿದೆ. ಮುಂದಿನ ವಾರ ಅಣ್ಣನದ್ದೂ ನನ್ನದೂ ರಕ್ತ ಪರೀಕ್ಷೆ.